ಚಟ್ಟಿಯ ಎಲೆ ಚಟ್ಟಿಗೇ

(ಕಲಿಕಾ ಕೇಂದ್ರದಲ್ಲಿ ಅಕ್ಕ-ತಂಗಿಯರ ಮುಂದೆ ಆಡಿದ ಮಾತು)



ಇವತ್ತು ನಾನು ಅಕ್ಷರದ ಪಾಠ ಮಾಡುವುದಿಲ್ಲ. ಕಸದ ಪಾಠ ಮಾಡುತ್ತೇನೆ. ನಗಬೇಡಿ. ಈ ಪಾಠವನ್ನು ನಾನು ಟ್ರೈನಿಂಗ್ ಕಾಲೇಜಿನಲ್ಲಿ ಕಲಿತದ್ದಲ್ಲ. ನನಗೆ ಕಲಿಸಿದವರು ನಿಮ್ಮಲ್ಲೇ ಒಬ್ಬರು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಕೈ ಎತ್ತಿ ನೋಡುವ. ಯಾರ ಮನೆಗೆ ತೋಟ ಉಂಟು? ನಾಲ್ಕೇ ಕೈ. ಯಾರ ಮನೆಯಲ್ಲಿ ಒಂದಾದರೂ ಹೂವಿನ ಚಟ್ಟಿ ಉಂಟು? ನೋಡಿ, ಎಲ್ಲರ ಕೈಯೂ ಮೇಲೆ ಬಂತು!

ನಮ್ಮ ಕಥೆ ಹೀಗೆಯೇ. ಗಂಗೊಳ್ಳಿಯ ಓಣಿಯಲ್ಲಿ ಮನೆಗೆ ಮನೆ ತಾಗಿದೆ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಪೇಟೆಯಲ್ಲಿ ಎಷ್ಟೋ ಜನರಿಗೆ ಎರಡು ಕೋಣೆಯ ಬಾಡಿಗೆಮನೆ. ಅಂಗಳ ಇಲ್ಲ. ಆದರೂ ಹೆಂಗಸರು ಗಿಡ ಬಿಡುವುದಿಲ್ಲ. ಮೆಟ್ಟಿಲ ಮೇಲೆ ತುಳಸಿ. ಕಿಟಕಿಯಲ್ಲಿ ಮನಿ ಪ್ಲಾಂಟ್. ಹಳೆ ಬಾಲ್ದಿಯಲ್ಲಿ ದಾಸವಾಳ. ಒಡೆದ ಕೊಡದಲ್ಲಿ ಒಂದೆಲಗ. ಡಬ್ಬದಲ್ಲಿ ಮಲ್ಲಿಗೆ.

ಗಿಡ ಇದ್ದ ಮೇಲೆ ಎಲೆ ಉದುರುತ್ತದೆ. ಹೂವು ಬಾಡುತ್ತದೆ. ಕೊಂಬೆ ಕತ್ತರಿಸಬೇಕಾಗುತ್ತದೆ. ಆ ಕಸ ಎಲ್ಲಿಗೆ ಹೋಗುತ್ತದೆ? ಇದೇ ಇವತ್ತಿನ ಪ್ರಶ್ನೆ.

ಎಲೆ ಎಲ್ಲಿಗೆ ಹೋಗುತ್ತದೆ?

ಕೆಲವರು ಚರಂಡಿಗೆ ದೂಡುತ್ತಾರೆ. ಒಂದು ಮನೆಯ ಎಲೆ ಒಂದು ಮುಷ್ಟಿ. ಇಪ್ಪತ್ತು ಮನೆಯ ಎಲೆ ಸೇರಿದರೆ ಒಂದು ಗೋಣಿ. ಜೂನ್ ತಿಂಗಳಲ್ಲಿ ಮಳೆ ಬಂದಾಗ ಆ ಎಲೆ ಚರಂಡಿ ಕಟ್ಟುತ್ತದೆ. ನೀರು ನಮ್ಮ ಹೊಸ್ತಿಲಿಗೇ ಬರುತ್ತದೆ.

ಕೆಲವರು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಕಸದ ಗಾಡಿಗೆ ಕೊಡುತ್ತಾರೆ. ತೊಟ್ಟೆಯೊಳಗೆ ಗಾಳಿ ಇಲ್ಲ. ಎಲೆ ಅಲ್ಲಿಯೇ ಕೊಳೆತು ನಾರುತ್ತದೆ. ಅದನ್ನು ಬಿಚ್ಚಿ ಬೇರೆ ಮಾಡುವವರೂ ನಮ್ಮಂಥವರೇ ಅಲ್ಲವೇ?

ಕೆಲವರು ಸುಡುತ್ತಾರೆ. ಎಲೆಯ ಜೊತೆ ಹಾಲಿನ ತೊಟ್ಟೆಯೂ ಬೆಂಕಿಗೆ ಹೋಗುತ್ತದೆ. ಆ ಹೊಗೆ ಮಕ್ಕಳ ಎದೆಗೆ ಹೋಗುತ್ತದೆ. ಕಸವನ್ನು ಮನೆಯಲ್ಲೇ ಬೇರೆ ಮಾಡಬೇಕು, ಬಯಲಲ್ಲಿ ಸುಡಬಾರದು ಎಂದು ಸರಕಾರ 2016ರಲ್ಲಿ ನಿಯಮವನ್ನೇ ಮಾಡಿತು.

ಇಷ್ಟೆಲ್ಲ ಮಾಡಿ ನಾವು ಪೇಟೆಗೆ ಹೋಗುತ್ತೇವೆ. ಅಂಗಡಿಯಲ್ಲಿ ಗೊಬ್ಬರದ ಪೊಟ್ಟಣ ತರುತ್ತೇವೆ. ಒಂದು ಪೊಟ್ಟಣದ ದುಡ್ಡಿನಲ್ಲಿ ಒಂದು ಹೊತ್ತಿನ ಮೀನು ಬರುತ್ತಿತ್ತು. ನಮ್ಮ ಎಲೆಯನ್ನು ನಾವೇ ಎಸೆದು, ಯಾರದೋ ಎಲೆಯ ಗೊಬ್ಬರಕ್ಕೆ ದುಡ್ಡು ಕೊಡುತ್ತೇವೆ. ಇದು ಯಾವ ಲೆಕ್ಕ? ನೀವೇ ಹೇಳಿ.

ನಾನು ಮಾಡಿದ ತಪ್ಪು

ನನ್ನದೂ ಬಾಡಿಗೆಮನೆ. ಮುಂದೆ ನಾಲ್ಕು ಮೆಟ್ಟಿಲು, ಒಂದು ಸಣ್ಣ ಜಗಲಿ. ಹನ್ನೊಂದು ಚಟ್ಟಿ ಗಿಡ ಉಂಟು. ಒಂದು ಪುಸ್ತಕ ಓದಿ ನಾನೂ ಗೊಬ್ಬರ ಮಾಡಲು ಹೊರಟೆ.

ಒಂದು ಪ್ಲಾಸ್ಟಿಕ್ ಬಾಲ್ದಿ ತೆಗೆದುಕೊಂಡೆ. ಕತ್ತರಿಸಿದ ಹಸಿ ಕೊಂಬೆ, ಬಾಡಿದ ಹೂವು, ತರಕಾರಿ ಸಿಪ್ಪೆ ಎಲ್ಲ ತುಂಬಿಸಿದೆ. ಬೇಗ ಕೊಳೆಯಲಿ ಅಂತ ಎರಡು ಚೆಂಬು ನೀರು ಹಾಕಿದೆ. ಮುಚ್ಚಳ ಬಿಗಿಯಾಗಿ ಒತ್ತಿದೆ. ಅದು ಜುಲೈ ತಿಂಗಳು.

ಎಂಟು ದಿನ ಕಳೆಯಿತು. ಮುಚ್ಚಳ ತೆಗೆದರೆ ಜಗಲಿಯಲ್ಲಿ ನಿಲ್ಲಲಿಕ್ಕಾಗದ ನಾತ! ಒಳಗೆ ಎಲ್ಲ ಲೋಳೆ ಲೋಳೆ. ಸಣ್ಣ ನೊಣ ಗುಂಯ್ ಅಂತ ಎದ್ದವು. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಸಂಜೆ ಮನೆಯ ಓನರಮ್ಮ ಬಂದರು.

"ಟೀಚರೇ, ನೀವು ಒಳ್ಳೆಯವರು ಅಂತ ಮನೆ ಕೊಟ್ಟದ್ದು. ಈ ವಾಸನೆ ಹೋಗದಿದ್ದರೆ ಬೇರೆ ಮನೆ ನೋಡಿಕೊಳ್ಳಿ. ಹದಿನೈದು ದಿನ ಸಮಯ ಕೊಡುತ್ತೇನೆ" ಅಂದರು.

ನನಗೆ ಅಳು ಬಂತು. ಶಾಲೆಗೆ ಹತ್ತಿರದ ಮನೆ. ಸಣ್ಣ ಮಗು ಉಂಟು. ಮಳೆಗಾಲದಲ್ಲಿ ಎಲ್ಲಿ ಮನೆ ಹುಡುಕುವುದು? ಒಂದು ಬಾಲ್ದಿ ಎಲೆಗಾಗಿ ಮನೆ ಹೋಗುವ ಹಾಗೆ ಆಯಿತಲ್ಲ ಅಂತ ರಾತ್ರಿ ನಿದ್ದೆ ಬರಲಿಲ್ಲ.

ಅಕ್ಕ ಕಲಿಸಿದ ಪಾಠ

ಮರುದಿನ ಇಲ್ಲಿ ತರಗತಿಗೆ ಬಂದೆ. ನನ್ನ ಮುಖ ನೋಡಿ ಒಬ್ಬ ಅಕ್ಕ ಕೇಳಿದರು. ಗೇರುಬೀಜದ ಕಾರ್ಖಾನೆಗೆ ಹೋಗುವ ಅಕ್ಕ. ಅರವತ್ತು ಹತ್ತಿರ ವಯಸ್ಸು. ಆಗ ಅವರು 'ಅ ಆ' ಮುಗಿಸಿ ಕಾಗುಣಿತಕ್ಕೆ ಬಂದಿದ್ದರು ಅಷ್ಟೇ. ತರಗತಿ ಮುಗಿದ ಮೇಲೆ ನನ್ನ ಜೊತೆ ಮನೆಗೇ ಬಂದರು. ಬಾಲ್ದಿಗೆ ಕೈ ಹಾಕಿ ಒಂದು ಮುಷ್ಟಿ ತೆಗೆದು ಹಿಂಡಿದರು. ನೀರು ಸುರಿಯಿತು.

"ಎಂತ ಟೀಚರೇ ಇದ್? ನೀರ್ ಹಾಕಿ ಕೊಳ್ಸಿದ್ರ್ಯಲೆ! ಹಟ್ಟಿಗೆ ನಾವ್ ಒಣ ಸೊಪ್ಪ್ ಹಾಸುದಿಲ್ಯಾ? ಬರೀ ಹಸಿದ್ ಹಾಕಿರೆ ನಾತ ಬತ್ತ್. ಒಣಗಿದ್ದ್ ಹಾಕ್ಕ್, ಗಾಳಿ ಬಿಡ್ಕ್" ಅಂದರು.

ನನಗೆ ನಾಚಿಕೆ ಆಯಿತು. ಹಟ್ಟಿಗೊಬ್ಬರ ನೋಡದೆ ಬೆಳೆದವಳಲ್ಲ ನಾನು. ನನ್ನ ಅಜ್ಜಿಯ ಮನೆಯಲ್ಲೂ ದನ ಇತ್ತು. ಕಾಲ ಕೆಳಗೆ ಒಣ ಸೊಪ್ಪು ಹಾಸುತ್ತಿದ್ದರು. ಅದು ದನದ ಗಂಜಲ ಹೀರುತ್ತಿತ್ತು. ಮತ್ತೆ ಅದನ್ನು ಎಳೆದು ಗೊಬ್ಬರದ ಗುಂಡಿಗೆ ಹಾಕುತ್ತಿದ್ದರು. ಕಣ್ಣಾರೆ ಕಂಡದ್ದನ್ನು ಮರೆತು ನಾನು ಪುಸ್ತಕದ ಅರ್ಧ ಮಾತನ್ನು ಹಿಡಿದುಕೊಂಡಿದ್ದೆ.

ಆ ದಿನವೇ ಅಕ್ಕ ಒಂದು ಹೆಡಿಗೆ ತೆಂಗಿನ ನಾರಿನ ಹುಡಿ, ಒಣ ಎಲೆ ತಂದರು. ನಾವಿಬ್ಬರೂ ಬಾಲ್ದಿಯಲ್ಲಿದ್ದದ್ದನ್ನು ಹಳೆ ಗೋಣಿಯ ಮೇಲೆ ಸುರಿದೆವು. ನೀರು ಇಳಿಯಲು ಬಿಟ್ಟೆವು. ಒಣ ಎಲೆ, ನಾರಿನ ಹುಡಿ ಬೆರೆಸಿದೆವು. ಮೊಳೆಯಿಂದ ಬಾಲ್ದಿಗೆ ತೂತು ಮಾಡಿದೆವು. ಮತ್ತೆ ತುಂಬಿಸಿ, ಮೇಲೆ ಇನ್ನೂ ಎರಡು ಮುಷ್ಟಿ ಒಣ ಎಲೆ ಹರಡಿದೆವು. ಬಿಗಿ ಮುಚ್ಚಳ ತೆಗೆದು ಒಂದು ಹೆಂಚು ಓರೆಯಾಗಿ ಇಟ್ಟೆವು.

ಐದನೇ ದಿನಕ್ಕೆ ನಾತ ಕಡಿಮೆ ಆಯಿತು. ಹತ್ತನೇ ದಿನಕ್ಕೆ ಹೋಯಿತು. ಹದಿನೈದನೇ ದಿನ ಓನರಮ್ಮ ಬಂದರು. ಬಾಲ್ದಿಯ ಹತ್ತಿರ ನಿಂತು ಮೂಸಿದರು. ಏನೂ ಹೇಳದೆ ಹೋದರು. ಮರುವಾರ ನಮ್ಮ ಮೆಟ್ಟಿಲ ಮೇಲೆ ಒಂದು ಕಟ್ಟು ಒಣ ತುಳಸಿ ಕಡ್ಡಿ ಇತ್ತು. ಅದು ಅವರ ಮನೆಯ ತುಳಸಿ!

ಗೊಬ್ಬರ ಆಗುವುದು ಹೇಗೆ?

ಎಲೆಯನ್ನು ಗೊಬ್ಬರ ಮಾಡುವುದು ನಾವಲ್ಲ. ಕಣ್ಣಿಗೆ ಕಾಣದ ಕೋಟಿ ಕೋಟಿ ಜೀವಿಗಳು. ಮೊಸರು ಆಗುವುದೂ, ದೋಸೆಹಿಟ್ಟು ಹುಳಿ ಬರುವುದೂ ಅಂಥ ಜೀವಿಗಳಿಂದಲೇ. ಆ ಜೀವಿಗಳಿಗೆ ಮೂರು ಬೇಕು. ಊಟ, ನೀರು, ಗಾಳಿ.

ಊಟ ಅಂದರೆ ಏನು? ನಾವು ಬರೀ ಗಸಿ ಉಣ್ಣುತ್ತೇವೆಯೇ? ಇಲ್ಲ. ಅನ್ನ ಹೆಚ್ಚು, ಗಸಿ ಕಡಿಮೆ. ಅವಕ್ಕೂ ಹಾಗೆಯೇ. ಒಣ ಎಲೆ ಅನ್ನದ ಹಾಗೆ. ಹಸಿ ಎಲೆ, ಸಿಪ್ಪೆ ಗಸಿಯ ಹಾಗೆ. ಎರಡು ಮುಷ್ಟಿ ಒಣಗಿದ್ದು, ಒಂದು ಮುಷ್ಟಿ ಹಸಿ. ಈ ಲೆಕ್ಕ ನೆನಪಿಡಿ.

ನೀರು ಎಷ್ಟು? ಒಗೆದು ಚೆನ್ನಾಗಿ ಹಿಂಡಿದ ಬಟ್ಟೆ ಮುಟ್ಟಿ ನೋಡಿ. ಕೈಗೆ ತಂಪು ತಾಗುತ್ತದೆ, ಆದರೆ ನೀರು ಬೀಳುವುದಿಲ್ಲ. ಅಷ್ಟೇ ಸಾಕು.

ಗಾಳಿ ಏಕೆ? ಗಾಳಿ ಇದ್ದರೆ ಒಳ್ಳೆ ಜೀವಿಗಳು ಕೆಲಸ ಮಾಡುತ್ತವೆ. ಗಾಳಿ ಇಲ್ಲದಿದ್ದರೆ ಬೇರೆ ಜಾತಿಯ ಜೀವಿಗಳು ಹೆಚ್ಚುತ್ತವೆ. ನಾತ ಬರುವುದು ಅವುಗಳಿಂದ. ನನ್ನ ಬಾಲ್ದಿಯಲ್ಲಿ ಆದದ್ದು ಇದೇ.

ಏನೇನು ಬೇಕು?

ದೊಡ್ಡ ಖರ್ಚು ಇಲ್ಲ.

ಎರಡು ಪಾತ್ರೆ ಬೇಕು. ಮಣ್ಣಿನ ಮಡಕೆ ಆದರೆ ಬಹಳ ಒಳ್ಳೆಯದು. ಮಣ್ಣು ಉಸಿರಾಡುತ್ತದೆ. ಮಡಕೆ ಇಲ್ಲದಿದ್ದರೆ ಹಳೆ ಬಾಲ್ದಿ, ತೊಳೆದ ಪೈಂಟಿನ ಡಬ್ಬ, ದೊಡ್ಡ ಚಟ್ಟಿ ಯಾವುದೂ ಆದೀತು. ಒಂದು ಕೊಡ ನೀರು ಹಿಡಿಯುವಷ್ಟು ದೊಡ್ಡದಿದ್ದರೆ ಸಣ್ಣ ಮನೆಗೆ ಸಾಕು.

ಎರಡು ಇಟ್ಟಿಗೆ ಬೇಕು. ಪಾತ್ರೆಯನ್ನು ಅದರ ಮೇಲೆ ಇಡಬೇಕು. ಕೆಳಗಿನಿಂದ ಗಾಳಿ ಹೋಗುತ್ತದೆ.

ಮುಚ್ಚಲು ಒಂದು ಹೆಂಚು ಅಥವಾ ಹಳೆ ಬಟ್ಟೆ.

ಮಗುಚಲು ಒಂದು ಗಟ್ಟಿ ಕೋಲು.

ಒಂದು ಗೋಣಿ ಒಣ ಎಲೆ.

ಮತ್ತೆ ಒಂದು ಸೀಮೆಸುಣ್ಣದ ತುಂಡು. ಅದು ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಮಾಡುವ ಕ್ರಮ

1. ಪಾತ್ರೆಯ ಅಡಿಗೆ ಆರೇಳು ತೂತು, ಸುತ್ತ ಹತ್ತು-ಹನ್ನೆರಡು ತೂತು ಮಾಡಿ. ಮಣ್ಣಿನ ಮಡಕೆಯಾದರೆ ಅಡಿಗೆ ತೂತು ಇದ್ದರೆ ಸಾಕು.

2. ಅಡಿಗೆ ನಾಲ್ಕು ಬೆರಳು ದಪ್ಪ ತೆಂಗಿನ ನಾರು ಅಥವಾ ಒಣ ಕಡ್ಡಿ ಹಾಕಿ. ನೀರು ಇದರಿಂದ ಇಳಿದು ಹೋಗುತ್ತದೆ.

3. ಒಂದು ಮುಷ್ಟಿ ಹಳೆ ಗೊಬ್ಬರ ಅಥವಾ ಸೆಗಣಿ ಹಾಕಿ. ಅದೂ ಸಿಗದಿದ್ದರೆ ಮರದ ಬುಡದ ಕಪ್ಪು ಮಣ್ಣು ಆದೀತು. ಇದು ಮೊಸರಿಗೆ ಹೆಪ್ಪು ಹಾಕಿದ ಹಾಗೆ.

4. ಎಲೆ, ಕೊಂಬೆಯನ್ನು ಸಣ್ಣಗೆ ಕತ್ತರಿಸಿ. ಬೆರಳಿನ ಉದ್ದ ಸಾಕು. ಸಣ್ಣ ಮಾಡಿದಷ್ಟೂ ಬೇಗ ಗೊಬ್ಬರ ಆಗುತ್ತದೆ. ದಾಸವಾಳದ ದಪ್ಪ ಕೊಂಬೆ ಬೇಡ. ಅದು ವರ್ಷ ಕಳೆದರೂ ಹಾಗೇ ಇರುತ್ತದೆ.

5. ಒಂದು ಮುಷ್ಟಿ ಹಸಿ ಹಾಕಿದರೆ ಎರಡು ಮುಷ್ಟಿ ಒಣಗಿದ್ದು ಹಾಕಿ. ಯಾವಾಗಲೂ ಮೇಲೆ ಒಣಗಿದ್ದೇ ಇರಲಿ. ಹಸಿ ಕಾಣಬಾರದು. ಕಂಡರೆ ನೊಣ ಬರುತ್ತದೆ.

6. ಒತ್ತಿ ತುಂಬಬೇಡಿ. ಸಡಿಲವಾಗಿ ಇರಲಿ.

7. ವಾರಕ್ಕೆ ಒಂದು ಸಲ ಕೋಲಿನಿಂದ ಅಡಿಯದ್ದು ಮೇಲೆ ಬರುವ ಹಾಗೆ ಮಗುಚಿ. ತುಂಬ ಒಣಗಿದ್ದರೆ ಕೈಯಿಂದ ನೀರು ಚಿಮುಕಿಸಿ. ಅಕ್ಕಿ ತೊಳೆದ ನೀರಾದರೂ ಆದೀತು.

8. ಪಾತ್ರೆ ತುಂಬಿದ ದಿನ ಹೊಸತು ಹಾಕುವುದನ್ನು ನಿಲ್ಲಿಸಿ. ಅದನ್ನು ಮೂಲೆಗೆ ಇಟ್ಟು ಎರಡನೇ ಪಾತ್ರೆ ಶುರು ಮಾಡಿ. ಮೊದಲನೆಯದು ಹಣ್ಣಾಗುವಾಗ ಎರಡನೆಯದು ತುಂಬುತ್ತದೆ.

ಎರಡರಿಂದ ಮೂರು ತಿಂಗಳಿಗೆ ಗೊಬ್ಬರ ಆಗುತ್ತದೆ. ಬರೀ ಒಣ ಎಲೆ ಇದ್ದರೆ ಇನ್ನೂ ಹೆಚ್ಚು ದಿನ ಬೇಕು. ಪಾತ್ರೆ ತುಂಬ ಇದ್ದದ್ದು ಅರ್ಧಕ್ಕೂ ಕೆಳಗೆ ಇಳಿಯುತ್ತದೆ. "ಯಾರು ಕದ್ದರು?" ಅಂತ ಕೇಳಬೇಡಿ! ಎಲೆಯಲ್ಲಿದ್ದ ನೀರು ಆರಿ ಹೋಗುತ್ತದೆ. ಆ ಜೀವಿಗಳು ತಿಂದು ಉಸಿರಾಗಿ ಬಿಟ್ಟದ್ದು ಗಾಳಿಗೆ ಹೋಗುತ್ತದೆ.

ಯಾವುದು ಹಾಕಬಹುದು?

ಉದುರಿದ ಎಲೆ, ಬಾಡಿದ ಹೂವು, ಕತ್ತರಿಸಿದ ಚಿಗುರು. ತರಕಾರಿ ಸಿಪ್ಪೆ, ಚಾ ಮಾಡಿ ಉಳಿದ ಚರಟ, ಹುಡಿ ಮಾಡಿದ ಮೊಟ್ಟೆಯ ಓಡು. ತೆಂಗಿನ ನಾರಿನ ಹುಡಿ. ಹಳೆ ಪೇಪರಿನ ಸಣ್ಣ ತುಂಡು. ಪೇಪರನ್ನು ಮೊದಲು ಓದಿ, ಆಮೇಲೆ ಹರಿಯಿರಿ. ಹೊಳೆಯುವ ಬಣ್ಣದ ಕಾಗದ ಬೇಡ.

ಮುಡಿದ ಮಲ್ಲಿಗೆ ಹಾಕಬಹುದು. ನಮ್ಮ ಊರಿನ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಹಾಗಾದರೆ ನಾರು ಸಹಿತ ಹಾಕಿ. ನೈಲಾನ್ ನೂಲಾದರೆ ಬಿಡಿಸಿ ತೆಗೆಯಿರಿ. ದೇವರಿಗೆ ಏರಿಸಿದ ಹೂವನ್ನು ತೊಟ್ಟೆಯಲ್ಲಿ ಕಟ್ಟಿ ಹೊಳೆಗೆ ಎಸೆಯುವವರಿದ್ದಾರೆ. ಅದು ಬೇಡ. ಕಾಲಿಗೆ ಸಿಗಬಾರದು ಎಂಬ ಮನಸ್ಸಿದ್ದರೆ ಆ ಹೂವಿಗೇ ಒಂದು ಸಣ್ಣ ಮಡಕೆ ಇಡಿ. ಅದರ ಗೊಬ್ಬರವನ್ನು ತುಳಸಿಗೋ, ದೇವರಿಗೆ ಹೂವು ಕೊಡುವ ಗಿಡಕ್ಕೋ ಹಾಕಿ.

ಯಾವುದು ಹಾಕಬಾರದು?

ಮೀನಿನ ಕಸ ಬೇಡ. ಅದು ಒಳ್ಳೆ ಗೊಬ್ಬರವೇ. ತೋಟದ ತೆಂಗಿನ ಬುಡದಲ್ಲಿ ಆಳಕ್ಕೆ ಹೂತರೆ ಸರಿ. ಜಗಲಿಯ ಮಡಕೆಗೆ ಹಾಕಿದರೆ ಬೆಕ್ಕು, ನಾಯಿ, ಇಲಿ ಬರುತ್ತವೆ.

ಉಳಿದ ಅನ್ನ, ಉಪ್ಪು-ಎಣ್ಣೆಯ ಪದಾರ್ಥ, ಹಾಲು ಬೇಡ.

ರೋಗ ಬಂದ ಎಲೆ, ಹುಳ ಹಿಡಿದ ಗಿಡ ಬೇಡ. ದೊಡ್ಡ ಗುಂಡಿಯಲ್ಲಿ ಒಳಗೆ ಬಿಸಿ ಏರುತ್ತದೆ. ಆ ಬಿಸಿಗೆ ರೋಗ ಸಾಯುತ್ತದೆ. ಸಣ್ಣ ಮಡಕೆಯಲ್ಲಿ ಅಷ್ಟು ಬಿಸಿ ಏರುವುದಿಲ್ಲ. ರೋಗ ಮತ್ತೆ ನಮ್ಮ ಗಿಡಕ್ಕೇ ಬರುತ್ತದೆ. ಹೊಸತಾಗಿ ಮದ್ದು ಹೊಡೆದ ಗಿಡದ ಎಲೆಯೂ ಬೇಡ.

ಕಣಗಿಲೆಯ ಎಲೆ ಬೇಡ. ಅದು ವಿಷ. ಅದನ್ನು ಕತ್ತರಿಸಿದ ಮೇಲೆ ಕೈ ಚೆನ್ನಾಗಿ ತೊಳೆಯಬೇಕು. ಮಕ್ಕಳ ಕೈಗೆ ಸಿಗಬಾರದು.

ಮನಿ ಪ್ಲಾಂಟಿನ ಬಳ್ಳಿ, ಬಸಳೆಯ ದಂಟು ಹಾಗೇ ಹಾಕಿದರೆ ಮಡಕೆಯೊಳಗೇ ಚಿಗುರುತ್ತದೆ. ಕತ್ತರಿಸಿ ನಾಲ್ಕು ದಿನ ಬಿಸಿಲಿಗೆ ಒಣಗಿಸಿ, ಆಮೇಲೆ ಹಾಕಿ.

ತೆಂಗಿನ ಗೆರಟೆ ಬೇಡ. ಅದು ಕರಗುವುದಿಲ್ಲ. ಗೆರಟೆಯನ್ನು ಹೊರಗೆ ಮಲಗಿಸಿ ಇಡಲೂ ಬೇಡ. ಅದರಲ್ಲಿ ಮಳೆನೀರು ನಿಲ್ಲುತ್ತದೆ. ಡೆಂಗಿ ಜ್ವರ ತರುವ ಸೊಳ್ಳೆ ಅಂಥ ನೀರಿನಲ್ಲೇ ಮೊಟ್ಟೆ ಇಡುತ್ತದೆ. ಒಂದು ವಾರ ನೀರು ನಿಂತರೆ ಸಾಕು, ಮರಿ ಸೊಳ್ಳೆಯಾಗಿ ಹಾರುತ್ತದೆ. ಚಟ್ಟಿಯ ಕೆಳಗಿನ ತಟ್ಟೆಯ ನೀರನ್ನೂ ಎರಡು ದಿನಕ್ಕೊಮ್ಮೆ ಚೆಲ್ಲಿ, ತಟ್ಟೆ ಉಜ್ಜಿ.

ಮಳೆಗಾಲದಲ್ಲಿ ಹೇಗೆ?

ನಮ್ಮ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅಂದರೆ ನಾಲ್ಕು ಮೀಟರ್. ಬಿದ್ದ ನೀರೆಲ್ಲ ಹರಿಯದೆ ನಿಂತರೆ ಇಬ್ಬರು ಹೆಂಗಸರು ಒಬ್ಬರ ಮೇಲೆ ಒಬ್ಬರು ನಿಂತರೂ ಮುಳುಗುತ್ತಿದ್ದರು! ಬೇರೆ ಊರಿನ ಪುಸ್ತಕದಲ್ಲಿ "ನೀರು ಹಾಕಿ" ಅಂತ ಇರುತ್ತದೆ. ನಮ್ಮ ಊರಿನ ಜುಲೈ ತಿಂಗಳಿಗೆ ಆ ಮಾತು ಸಲ್ಲುವುದಿಲ್ಲ. ಗಾಳಿಯೇ ಒದ್ದೆ.

ಅದಕ್ಕೆ ಮಾರ್ಚ್, ಏಪ್ರಿಲ್ ತಿಂಗಳಲ್ಲೇ ತಯಾರಿ ಮಾಡಬೇಕು. ಆಗ ದಾರಿ ಬದಿಯಲ್ಲಿ ಗೇರು, ಹಲಸು, ಮಾವಿನ ಒಣ ಎಲೆ ಬೇಕಾದಷ್ಟು. ಒಂದು ಗೋಣಿ ತುಂಬಿಸಿ ಮಳೆ ತಾಗದಲ್ಲಿ ಇಡಿ. ಮಳೆಗಾಲಕ್ಕೆ ಸೌದೆ, ಹಪ್ಪಳ, ಒಣಮೀನು ಕೂಡಿಡುವುದಿಲ್ಲವೇ? ಹಾಗೆಯೇ ಇದೂ.

ಮಡಕೆಯನ್ನು ಸೂರಿನ ನೀರು ಬೀಳುವಲ್ಲಿ ಇಡಬೇಡಿ. ಒಳಗೆ ಇಡಿ. ಮೇಲೆ ಹೆಂಚು ಇರಲಿ. ಕೆಳಗೆ ತಟ್ಟೆಯಲ್ಲಿ ಮರಳು ಹಾಕಿಟ್ಟರೆ ಇಳಿದ ಕಂದು ನೀರು ಅದರಲ್ಲಿ ಹೀರಿಕೊಳ್ಳುತ್ತದೆ. ಆ ಕಂದು ನೀರನ್ನು ಬೇರೆಯೇ ಹಿಡಿದರೆ ಅದರ ಹತ್ತು ಪಾಲು ನೀರು ಬೆರೆಸಿ ಹೂವಿನ ಗಿಡಕ್ಕೆ ಹಾಕಬಹುದು. ತಿನ್ನುವ ಸೊಪ್ಪಿಗೆ ಬೇಡ.

ತೊಂದರೆ ಬಂದರೆ?

ಹೋದ ವಾರ ನೀವು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಹೇಳುತ್ತೇನೆ.

"ನಾತ ಬಂದರೆ?" ನೀರು ಹೆಚ್ಚಾಗಿದೆ, ಗಾಳಿ ಕಡಿಮೆ ಆಗಿದೆ. ಒಣ ಎಲೆ ಸೇರಿಸಿ ಮಗುಚಿ. ಎರಡು ದಿನ ಹಸಿ ಹಾಕಬೇಡಿ.

"ಇರುವೆ ಬಂದರೆ?" ತುಂಬ ಒಣಗಿದೆ. ನೀರು ಚಿಮುಕಿಸಿ ಮಗುಚಿ.

"ಬಿಳಿ ಬೂಸು ಬಂದರೆ?" ಹೆದರಬೇಡಿ. ಅದು ಒಣ ಎಲೆಯನ್ನು ಕರಗಿಸುವ ಕೆಲಸಗಾರ. ಮಗುಚುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ದಮ್ಮು ಇರುವವರು ಮಗುಚುವ ಕೆಲಸ ಬೇರೆಯವರಿಗೆ ಬಿಡಿ.

"ಹುಳ ಕಂಡರೆ?" ಈ ಹುಳವೂ ಎಲೆಯನ್ನೇ ತಿನ್ನುತ್ತದೆ. ನಮಗೆ ಕಚ್ಚುವುದಿಲ್ಲ. ನೋಡಲಿಕ್ಕೆ ಅಸಹ್ಯ ಆದರೆ ಒಣಗಿದ್ದು ಹೆಚ್ಚು ಹಾಕಿ, ಕಡಿಮೆ ಆಗುತ್ತದೆ.

"ಎರಡು ತಿಂಗಳಾದರೂ ಎಲೆ ಎಲೆಯಾಗಿಯೇ ಇದ್ದರೆ?" ಹಸಿ ಸಾಲದು. ಸಿಪ್ಪೆ, ಚಾ ಚರಟ, ಒಂದು ಮುಷ್ಟಿ ಸೆಗಣಿ ಸೇರಿಸಿ. ಗೇರಿನ ಎಲೆ ದಪ್ಪ. ಅದನ್ನು ಕೈಯಲ್ಲಿ ತಿಕ್ಕಿ ಹುಡಿ ಮಾಡಿ ಹಾಕಿ.

ಗೊಬ್ಬರ ಬಳಸುವುದು

ಗೊಬ್ಬರ ಆಯಿತು ಅಂತ ತಿಳಿಯುವುದು ಹೇಗೆ? ಬಣ್ಣ ಕಪ್ಪು. ಕೈಗೆ ಹುಡಿ ಹುಡಿ. ಎಲೆಯ ಗುರುತು ಸಿಗುವುದಿಲ್ಲ. ಮೂಸಿದರೆ ಮೊದಲ ಮಳೆ ಬಿದ್ದ ಮಣ್ಣಿನ ಪರಿಮಳ.

ಅದನ್ನು ಜರಡಿ ಹಿಡಿಯಿರಿ. ಕರಗದೆ ಉಳಿದದ್ದನ್ನು ಹೊಸ ಮಡಕೆಗೆ ಹಾಕಿ. ಅದೇ ಮುಂದಿನ ಹೆಪ್ಪು.

ಹೊಸ ಚಟ್ಟಿ ತುಂಬುವಾಗ ಮೂರು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ. ಹಳೆ ಗಿಡಕ್ಕೆ ತಿಂಗಳಿಗೆ ಎರಡು ಮುಷ್ಟಿ. ಬುಡಕ್ಕೆ ತಾಗಿಸದೆ ಸುತ್ತ ಹಾಕಿ, ಮೇಲಿನ ಮಣ್ಣು ಸಡಿಲ ಮಾಡಿ ಬೆರೆಸಿ. ಅರ್ಧ ಕೊಳೆತದ್ದನ್ನು ಹಾಕಬೇಡಿ. ಅದು ಗಿಡದ ಊಟವನ್ನೇ ಕಿತ್ತುಕೊಳ್ಳುತ್ತದೆ. ಎಲೆ ಹಳದಿ ಆಗುತ್ತದೆ.

ಕಡಲ ಬದಿಯವರು ಇದನ್ನು ವಿಶೇಷವಾಗಿ ಕೇಳಿ. ನಿಮ್ಮ ಮಣ್ಣು ಹೊಯಿಗೆ. ಹೊಯಿಗೆಯಲ್ಲಿ ನೀರು ನಿಲ್ಲುವುದಿಲ್ಲ. ಹಾಕಿದ ಸಾರ ಎಲ್ಲ ನೀರಿನ ಜೊತೆ ಕೆಳಗೆ ಹೋಗುತ್ತದೆ. ಎಲೆಗೊಬ್ಬರ ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ. ಬೇಸಗೆಯಲ್ಲಿ ಬಾವಿ ಇಳಿದಾಗ ಒಂದು ಚೆಂಬು ನೀರು ಉಳಿದರೂ ಅದು ನಮಗೆ ಉಳಿದ ಹಾಗೆಯೇ.

ದೊಡ್ಡ ದೊಡ್ಡವರೂ ಕಲಿತರು

"ಇದೆಲ್ಲ ಹಳೆ ಕಾಲದ ಹೆಂಗಸರ ಮಾತು" ಅಂತ ಯಾರಾದರೂ ಹೇಳಿದರೆ ಈ ಕಥೆ ಹೇಳಿ.

ಆಲ್ಬರ್ಟ್ ಹೋವಾರ್ಡ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಇದ್ದರು. ಬ್ರಿಟಿಷರ ಕಾಲದಲ್ಲಿ ಇಲ್ಲಿಗೆ ಬೇಸಾಯ ಕಲಿಸಲು ಬಂದವರು. ನಮ್ಮ ರೈತರ ಹೊಲ ನೋಡಿದ ಮೇಲೆ ಅವರು ರೈತರನ್ನೇ ತಮ್ಮ ಗುರುಗಳು ಎಂದು ಕರೆದರು. 1924ರಿಂದ 1931ರ ತನಕ ಇಂದೋರಿನಲ್ಲಿ ಕೆಲಸ ಮಾಡಿ, ಒಣಗಿದ್ದು, ಹಸಿ, ಸೆಗಣಿ ಪದರ ಪದರವಾಗಿ ಹಾಕಿ ಮಗುಚುವ ಕ್ರಮವನ್ನು ಬರೆದಿಟ್ಟರು. ಇವತ್ತಿಗೂ ಅದಕ್ಕೆ ಇಂದೋರ್ ವಿಧಾನ ಎಂದೇ ಹೆಸರು. ನಮ್ಮ ಬೆಂಗಳೂರಿನಲ್ಲಿ 1939ರಲ್ಲಿ ಸಿ.ಎನ್. ಆಚಾರ್ಯ ಎಂಬ ವಿಜ್ಞಾನಿ ಪೇಟೆಯ ಕಸವನ್ನು ಗುಂಡಿಯಲ್ಲಿ ಹಾಕಿ ಮಣ್ಣು ಮುಚ್ಚಿ ಗೊಬ್ಬರ ಮಾಡುವ ಕ್ರಮ ತೋರಿಸಿದರು. ಅದು ಬೆಂಗಳೂರು ವಿಧಾನ.

ಗುಂಡಿ ತೋಡಲು ಜಾಗ ಇಲ್ಲದವರ ಗತಿ? ಅದಕ್ಕೂ ದಾರಿ ಬಂತು. 2006ರಲ್ಲಿ ಬೆಂಗಳೂರಿನ ಪೂನಂ ಬೀರ್ ಕಸ್ತೂರಿ ಎಂಬವರು ಮಣ್ಣಿನ ಮಡಕೆಯ ಮೇಲೆ ಮಡಕೆ ಇಟ್ಟು ಮನೆಯಲ್ಲೇ ಗೊಬ್ಬರ ಮಾಡುವುದನ್ನು ಶುರು ಮಾಡಿದರು. ಅವರ ಸಂಸ್ಥೆಯ ಹೆಸರು ಡೈಲಿ ಡಂಪ್. ಮಹಡಿ ಮನೆಯ ಬಾಲ್ಕನಿಯಲ್ಲಿ ಜನ ಅದನ್ನು ಇಟ್ಟರು. ನಮ್ಮ ಪಕ್ಕದ ವಂಡ್ಸೆ ಪಂಚಾಯತಿಯ ಹೆಸರನ್ನೂ ನೀವು ಕೇಳಿರಬಹುದು. ಮನೆಮನೆಯ ಕಸ ತಂದು, ಹಸಿ-ಒಣ ಬೇರೆ ಮಾಡಿ, ಗೊಬ್ಬರ ಮಾಡುವ ಘಟಕದಿಂದ ಆ ಊರು ಹೆಸರಾಯಿತು.

ಹೆಚ್ಚು ತಿಳಿಯಬೇಕು ಎಂದಿದ್ದರೆ ಬ್ರಹ್ಮಾವರದಲ್ಲಿ ಕೃಷಿ ವಿಜ್ಞಾನ ಕೇಂದ್ರ ಉಂಟು. ಹೋಗಿ ಕೇಳಿ. ಬಾಗಿಲಿನ ಬೋರ್ಡನ್ನು ನೀವೇ ಓದಿಕೊಂಡು ಒಳಗೆ ಹೋಗಬಹುದು ಈಗ.

ಸೀಮೆಸುಣ್ಣ ಯಾಕೆ?

ಕೊನೆಯ ಮಾತು. ಸೀಮೆಸುಣ್ಣ ಯಾಕೆ ಬೇಕು ಅಂತ ಹೇಳಲಿಲ್ಲ ನಾನು.

ನಮ್ಮ ಹಳೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ 1990ರ ಸುಮಾರಿಗೆ ದೊಡ್ಡ ಸಾಕ್ಷರತಾ ಆಂದೋಲನ ನಡೆಯಿತು. ಆಗ ಉಡುಪಿ ಬೇರೆ ಜಿಲ್ಲೆ ಆಗಿರಲಿಲ್ಲ. ನನ್ನ ಅಮ್ಮ ಆಗ ಲಾಟೀನಿನ ಬೆಳಕಿನಲ್ಲಿ ಓದು ಬರಹ ಕಲಿತವರು. ಆಮೇಲೆ ತರಗತಿ ನಿಂತಿತು. ಅಮ್ಮನಿಗೆ ದಿನಾ ಬರೆಯುವ ಕೆಲಸ ಏನೂ ಇರಲಿಲ್ಲ. ಬರೆಯದೆ ಬರೆಯದೆ ಅಕ್ಷರ ಮರೆತು ಹೋಯಿತು. ಈಗ ರುಜು ಒಂದೇ ಉಳಿದಿದೆ. ನನಗೆ ಆ ಬೇಜಾರು ಇವತ್ತಿಗೂ ಉಂಟು. ನಿಮಗೆ ಹಾಗೆ ಆಗಬಾರದು.

ಅದಕ್ಕೆ ಮಡಕೆಯ ಮೇಲೆ ಬರೆಯಿರಿ. ಶುರು ಮಾಡಿದ ತಾರೀಕು ಬರೆಯಿರಿ. ತುಂಬಿದ ತಾರೀಕು ಬರೆಯಿರಿ. ಮಗುಚಿದ ದಿನ ಒಂದು ಗೆರೆ ಹಾಕಿ. ತೆಗೆಯುವ ತಿಂಗಳು ಬರೆಯಿರಿ. ಮಳೆಗೆ ಅಳಿಸಿ ಹೋದರೆ ಮತ್ತೆ ಬರೆಯಿರಿ. ಬರೆದದ್ದು ಇದ್ದರೆ ಮರೆಯುವುದಿಲ್ಲ, ಎರಡು ಮಡಕೆ ಅದಲುಬದಲು ಆಗುವುದಿಲ್ಲ.

ನನಗೆ ಪಾಠ ಕಲಿಸಿದ ಆ ಅಕ್ಕ ಹಿಂದಿನ ಸಾಲಿನಲ್ಲಿ ಕುಳಿತು ನಗುತ್ತಿದ್ದಾರೆ. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳುವುದಿಲ್ಲ. ನನ್ನ ಬಾಲ್ದಿ ಸರಿ ಮಾಡಿದ ದಿನ ನಾನು ಸೀಮೆಸುಣ್ಣ ಅವರ ಕೈಗೆ ಕೊಟ್ಟೆ. "ನಂಗೆ ಬತ್ತಿಲ್ಲೆ ಟೀಚರೇ" ಅಂದರು. ಕ್ಯಾಲೆಂಡರ್ ನೋಡಿ ಒಂದೊಂದೇ ಅಂಕೆ ಬರೆದರು. ಎರಡು ಸಲ ಅಳಿಸಿದರು. ಮೂರನೇ ಸಲ ಸರಿಯಾಯಿತು. ಈಗ ಅವರ ಮನೆಯಲ್ಲಿ ಮೂರು ಮಡಕೆ ಉಂಟು. ಮೂರಕ್ಕೂ ತಾರೀಕು ಉಂಟು. ಅವರಿಗೆ ಗೊತ್ತಿದ್ದ ವಿದ್ಯೆ ನನಗೆ ಬಂತು. ನನಗೆ ಗೊತ್ತಿದ್ದ ವಿದ್ಯೆ ಅವರಿಗೆ ಬಂತು.

ಇವತ್ತು ಮನೆಗೆ ಹೋದ ಕೂಡಲೇ ಒಂದು ಕೆಲಸ ಮಾಡಿ. ಚಟ್ಟಿಯ ಕೆಳಗೆ ಬಿದ್ದ ಎಲೆ ಹೆಕ್ಕಿ. ಎಸೆಯಬೇಡಿ. ಒಂದು ಹಳೆ ಮಡಕೆ ಹುಡುಕಿ. ಅದರ ಮೇಲೆ ಇವತ್ತಿನ ತಾರೀಕು ಬರೆಯಿರಿ. ಮೂರು ತಿಂಗಳು ಕಳೆದ ಮೇಲೆ ಒಂದು ಮುಷ್ಟಿ ಗೊಬ್ಬರ ಕಾಗದದಲ್ಲಿ ಕಟ್ಟಿ ಇಲ್ಲಿಗೆ ತನ್ನಿ. ಕಾಗದದ ಮೇಲೆ ನಿಮ್ಮ ಹೆಸರು ಬರೆದಿರಲಿ. ಎಲ್ಲವನ್ನೂ ಸಾಲಾಗಿ ಇಟ್ಟು ಮೂಸಿ ನೋಡುವ. ಯಾರದ್ದು ಚೆನ್ನಾಗಿದೆ ಅಂತ ಆ ಅಕ್ಕನೇ ಹೇಳಲಿ.